ದಾರಿ ನುಂಗಿದವ

"ದಾರಿ ನುಂಗಿದ ನಾಯಿ ಇದು. ಎಲ್ಲಾರೂ ಮುಖ ನೋಡಿ ಇಟ್ಕೊಳ್ರಿ."

ಓಟದ ಸಂಘ ನಡೆಸುವ ಪಾವಟೆ ಸರ್ ನನ್ನ ಕಡೆ ಬೆರಳು ಮಾಡಿ ಹೀಗಂದಾಗ ಸಂಘದ ಅಂಗಳದಲ್ಲಿ ನಲವತ್ತು ಜನರಾದರೂ ಇದ್ದರು. ಹೆಸರು ಬರೆಸಲು ಬಂದ ಜೋಡಿಗಳು, ಸೈಕಲ್ಲು ಹಿಡಿದು ನಿಂತ ಅವರ ಅಣ್ಣತಮ್ಮಂದಿರು, ಕೆಟಲಿ ಹಿಡಿದ ಚಹಾದ ಫಾತಿಮಾಬಿ, ಹೊರಗಿನ ಊರುಗಳಿಂದ ಬಂದ ಏಳೆಂಟು ಓಟಗಾರರು. ಹೊರಗಿನವರಿಗೆ ಈ ಬೈಗಳ ತೂಕ ಗೊತ್ತಾಗಲಿಲ್ಲ, ಅವರು ಸುಮ್ಮನೆ ನಕ್ಕರು. ನಮ್ಮೂರಿನವರು ನಗಲಿಲ್ಲ. ಅವ್ವನ ಹೆಸರು ಹಿಡಿದು ಬೈದರೆ ನಮ್ಮವರು ನಾಲ್ಕು ದಿನಕ್ಕೆ ಮರೆಯುತ್ತಾರೆ, ಈ ಮಾತನ್ನು ಮಾತ್ರ ಮೊಮ್ಮಕ್ಕಳವರೆಗೂ ಹೇಳಿಕೊಂಡು ಬರುತ್ತಾರೆ. ನನ್ನ ಬಲಗೈ ಆಗಲೇ ಮುಷ್ಟಿಯಾಗಿತ್ತು. ಪಂಕ್ಚರ್ ಅಂಗಡಿಯ ಕೈ, ಲಾರಿಯ ಟೈರು ಕಳಚುವ ಕೈ. ಒಂದು ಬಿದ್ದಿದ್ದರೆ ಸರ್ ಕನ್ನಡಕ ಹುಡುಕಲು ನಾಲ್ಕು ಜನ ಬೇಕಾಗುತ್ತಿತ್ತು.

ದಾರಿ ಹೇಳಿದವನಿಂದ ದಾರಿ ಹೋಗುತ್ತದೆ. ಬೆಂಕಿ ಮುಟ್ಟಬಾರದು ಎಂದು ಕಲಿಸುವುದಕ್ಕಿಂತ ಮೊದಲು ನಮ್ಮಲ್ಲಿ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಬಾಯಲ್ಲಿ ಹೇಳಿದರೂ ಅಷ್ಟೆ, ಬೆರಳು ಮಾಡಿ ತೋರಿಸಿದರೂ ಅಷ್ಟೆ, ಕಾಗದದ ಮೇಲೆ ಗೀಚಿದರೂ ಅಷ್ಟೆ. ಕೇಳಿದವನಿಗೆ ಅದು ಒಂದೇ ಉಸಿರಿಗೆ ಬಂದು ಕೂರುತ್ತದೆ, ಹೇಳಿದವನು ಮತ್ತೆ ಆ ದಾರಿಯಲ್ಲಿ ನೂರು ಸಲ ನಡೆದರೂ ನೂರಾ ಒಂದನೆಯ ಸಲ ಹೊಸಬನೇ. ಅದಕ್ಕೇ ನಮ್ಮ ಬಸ್ ನಿಲ್ದಾಣದಲ್ಲಿ "ದಾರಿ ಕೇಳಬೇಡಿ, ಜೊತೆ ಕೇಳಿ" ಎಂದು ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದಾರೆ. ಜೊತೆ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಕೋರ್ಟಿನಲ್ಲಿ ಮನೆಯ ಕಟ್ಟೆಗಾಗಿ ಬಡಿದಾಡುವ ಇಬ್ಬರು ಒಬ್ಬರನ್ನೊಬ್ಬರು ಕೋರ್ಟಿನವರೆಗೆ ನಡೆಸಿಕೊಂಡು ಹೋಗಿ, ಬಾಗಿಲಲ್ಲಿ ಬೇರೆಯಾಗಿ ಜಗಳ ಶುರು ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮದುವೆಯ ಕಾಗದದಲ್ಲಿ ನಾವು ವಿಳಾಸ ಹಾಕುವುದಿಲ್ಲ, ಬೀಗರನ್ನು ಕರೆತರಲು ನಾಲ್ಕು ಜನರನ್ನು ಗೊತ್ತು ಮಾಡುತ್ತೇವೆ. ನಮ್ಮ ಓಣಿಯ ನಿಂಗವ್ವಜ್ಜಿ ಹರೆಯದಲ್ಲಿ ಬಳೆಗಾರನೊಬ್ಬನ ಚೆಂದಕ್ಕೆ ಮರುಳಾಗಿ ತವರಿನ ದಾರಿ ಹೇಳಿಬಿಟ್ಟಿದ್ದಳಂತೆ. ಆಮೇಲೆ ಐವತ್ತು ವರ್ಷ ಪಂಚಮಿಗೆ ಮೊದಲು ಅತ್ತೆಯ, ಆಮೇಲೆ ಸೊಸೆಯ ಕೈ ಹಿಡಿದೇ ಹೋದಳು, ಪ್ರತಿ ವರ್ಷವೂ ತವರಿನ ಬಾಗಿಲಲ್ಲಿ ನಿಂತು, "ಇದು ಯಾರ ಮನಿಯವ್ವಾ?" ಎಂದಳು.

ಇಂಥ ಊರಿನಲ್ಲಿ ನಕಾಶೆ ಹಿಡಿದು ಓಡುವ ಓಟ ಹೇಗೆ ಹುಟ್ಟಿತೋ, ಯಾರ ಸೊಕ್ಕಿಗೆ ಹುಟ್ಟಿತೋ ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ, ಬೆಳಿಗ್ಗೆ ಏಳಕ್ಕೆ ಶುರು. ಜೋಡಿಯಾಗಿ ಓಡಬೇಕು. ಮೊದಲು ಕಲ್ಲುಗಣಿಯ ರಸ್ತೆಯಲ್ಲಿ ಸೈಕಲ್ಲು, ಆಮೇಲೆ ಲಾರಿಯ ಟ್ಯೂಬಿನ ಮೇಲೆ ಬೋರಲು ಮಲಗಿ ಕೈಯಲ್ಲೇ ಹುಟ್ಟು ಹಾಕುತ್ತ ಕೆರೆ ದಾಟುವುದು, ಆಮೇಲೆ ಕರಿಗುಡ್ಡ. ಗುಡ್ಡದ ಬುಡದಲ್ಲಿ ನಕಾಶೆ, ದಿಕ್ಸೂಚಿ ಕೊಡುತ್ತಾರೆ. ಹದಿಮೂರು ಕಡೆ ಕೇಸರಿ ಬಿಳಿ ಬಾವುಟ ಕಟ್ಟಿರುತ್ತಾರೆ, ಒಂದೊಂದರ ಬುಡದಲ್ಲೂ ಒಂದೊಂದು ಬಗೆಯ ಮೊಳೆ ಇರುವ ಪಂಚು. ಚೀಟಿಯಲ್ಲಿ ಹದಿಮೂರೂ ತೂತು ಒತ್ತಿಕೊಂಡು ಮೊದಲು ಇಳಿದವರು ಗೆದ್ದರು. ಜೋಡಿಯಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬ ಎರಡೂ ಚೀಟಿ ಒತ್ತಿಸಿಕೊಂಡು ಬರಬಹುದು. ಪ್ರತಿ ವರ್ಷ ಗುಡ್ಡದ ಒಂದೊಂದು ಮಗ್ಗುಲನ್ನು ಯಾರಾದರೂ ನಕಾಶೆಗೆ ಕೊಡುತ್ತಾರೆ. ಕೊಟ್ಟವರಿಗೆ ಆ ಮಗ್ಗುಲು ಹೋಯಿತು. ಅವರಿಗೆ ಶಾಲು ಹೊದಿಸಿ ಮೆರೆಸುತ್ತಾರೆ. ಕೊಡಬಹುದಾಗಿದ್ದೂ ಕೊಡದವನು ದಾರಿ ನುಂಗಿದವ.

ಪಾವಟೆ ಸರ್ ಮತ್ತು ನನ್ನ ಲೆಕ್ಕ ಹಳೆಯದು. ಏಳನೇ ಇಯತ್ತೆಯಲ್ಲಿ ಗೋಡೆಗೆ ನಕಾಶೆ ತೂಗುಹಾಕಿ, "ಯಮನೂರ್ಯಾ, ಉತ್ತರ ದಿಕ್ಕು ತೋರಸಲೇ" ಎಂದಿದ್ದರು. ನಾನು ಕಿಟಕಿಯ ಕಡೆ ಕೈ ಮಾಡಿದೆ. ಉತ್ತರ ಇದ್ದದ್ದು ಅಲ್ಲೇ, ಕರಿಗುಡ್ಡದ ಮೇಲೆ. "ನಕಾಶ್ಯಾಗ ಉತ್ತರ ಮ್ಯಾಲಿರತೈತಲೇ ಕೋಣಾ, ಕಿಟಕ್ಯಾಗ ಅಲ್ಲ" ಎಂದರು. ಹುಡುಗರೆಲ್ಲ ನಕ್ಕರು. ನಾನು ಕಂಪಾಸಿನ ಪೆಟ್ಟಿಗೆ ಎಸೆದೆ. ಅದು ಅವರ ಹುಬ್ಬಿಗೆ ತಗುಲಿತು. ಅವತ್ತು ಶಾಲೆಯ ಗೇಟು ದಾಟಿದವನು ಮತ್ತೆ ಒಳಗೆ ಹೋಗಲಿಲ್ಲ.

ಅದಾದ ಆರು ವರ್ಷಕ್ಕೆ ಹೊನ್ನಪ್ಪ ಕಾಕಾ ನನ್ನ ಅಂಗಡಿಗೆ ಪಂಕ್ಚರಾದ ಸೈಕಲ್ಲು ತಳ್ಳಿಕೊಂಡು ಬಂದ. ಊರಿನ ನೀರಗಂಟಿ. ದಿನಾ ಬೆಳಿಗ್ಗೆ ಕರಿಗುಡ್ಡದ ಹೆಬ್ಬಂಡೆಗಳ ನಡುವೆ ನುಸುಳಿ ಒರತೆಯ ಹತ್ತಿರ ಹೋಗಿ ತೂಬು ತೆರೆದರೆ ಊರಿನ ನಲ್ಲಿಗಳಿಗೆ ನೀರು. ಆ ಬಂಡೆಗಳೆಲ್ಲ ಒಂದೇ ತರ, ಆನೆಗಳ ಹಿಂಡು ಮಲಗಿದ ಹಾಗೆ. ಹಳೆಯ ನೀರಗಂಟಿಯ ಹಿಂದೆ ಹನ್ನೆರಡು ವರ್ಷ ನಡೆದು ಆ ದಾರಿಯನ್ನು ಕಾಕಾ ಕಾಲಿನಿಂದಲೇ ಕಲಿತಿದ್ದ. ನೀರಗಂಟಿಯ ದಾರಿಯನ್ನು ಯಾರೂ ಕೇಳುವಂತಿಲ್ಲ, ಅವನೂ ಹೇಳುವಂತಿಲ್ಲ. ಹೇಳಿದನೋ, ಕೆಲಸ ಹೋಯಿತು. ನಾನು ಟ್ಯೂಬು ತಿಕ್ಕುತ್ತಿದ್ದಾಗ ಅವನು ಜೇಬಿನಿಂದ ಹಳೆಯ ಓಟದ ನಕಾಶೆಯೊಂದನ್ನು ತೆಗೆದು ನೆಲದ ಮೇಲೆ ಹಾಸಿದ. ನನಗೆ ಮೈಯೆಲ್ಲ ಉರಿಯಿತು. "ನಂಗ ನಕಾಶೆ ಬರೂದಿಲ್ಲ, ತಗೀರಿ ಅದನ್ನ" ಎಂದೆ. ಕಾಕಾ ದಿಕ್ಸೂಚಿಯನ್ನು ಅದರ ಮೇಲಿಟ್ಟು, ಮುಳ್ಳು ಗೆರೆಗೆ ಕೂಡುವವರೆಗೆ ನಕಾಶೆಯನ್ನು ಮೆಲ್ಲಗೆ ತಿರುಗಿಸಿದ. ನಕಾಶೆಯ ಉತ್ತರ ಕರಿಗುಡ್ಡಕ್ಕೆ ಮುಖ ಮಾಡಿತು. "ಮೊದಲ ಇದನ್ನ ಗುಡ್ಡಕ್ಕ ಹೊಂದಿಸಬೇಕೋ ತಮ್ಮಾ. ಗುಡ್ಡ ನಮಗ ಹೊಂದೂದಿಲ್ಲ" ಎಂದ. ಏಳನೇ ಇಯತ್ತೆಯಲ್ಲಿ ನಾನು ತೋರಿಸಿದ್ದು ಸರಿಯಿತ್ತು ಎಂದು ನನಗೆ ಹೇಳಿದ ಮೊದಲ ಮನುಷ್ಯ ಅವನು, ಹಾಗೆ ಹೇಳುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅವನೇ ನನ್ನ ಜೋಡಿಯಾದ. ಹೆಜ್ಜೆ ಎಣಿಸುವುದನ್ನು ಕಲಿಸಿದ: ಬಲಗಾಲು ಅರವತ್ತೈದು ಸಲ ಊರಿದರೆ ನೂರು ಮೀಟರು, ಏರಿನಲ್ಲಿ ಎಪ್ಪತ್ತು. "ಸಿಟ್ಟು ಬಂದಾಗೂ ಎಣಸು. ನೂರು ಮೀಟರಿನ್ಯಾಗ ಯಾವ ಸಿಟ್ಟಾದರೂ ದಣೀತೈತಿ" ಎನ್ನುತ್ತಿದ್ದ. ನಾಲ್ಕು ವರ್ಷ ಓಡಿದೆವು, ನಾಲ್ಕೂ ವರ್ಷ ನಾಲ್ಕನೆಯವರಾಗಿ ಬಂದೆವು. ಪದಕ ಮೊದಲ ಮೂರು ಜೋಡಿಗಳಿಗೆ ಮಾತ್ರ. ಮೂರನೆಯ ಪದಕ ಪ್ರತಿ ಸಲವೂ ಪಾವಟೆ ಸರ್ ಅಳಿಯನ ಜೋಡಿಗೆ ಹೋಗುತ್ತಿತ್ತು. ಸರ್ ಮೈಕಿನಲ್ಲಿ, "ನಾಲ್ಕನೇ ನಂಬರ, ನಮ್ಮ ಕಿಟಕಿ ಯಮನೂರಪ್ಪ" ಎಂದು ಕೂಗಿ ನಗಿಸುತ್ತಿದ್ದರು. ಕಾಕಾ ಅದಕ್ಕೂ ನಗುತ್ತಿದ್ದ. ನನಗೆ ಅವನು ನಗುವುದೇ ಸೇರುತ್ತಿರಲಿಲ್ಲ.

ಹೋದ ವರ್ಷ ಐದನೆಯ ಸಲ. ಹನ್ನೆರಡು ಬಾವುಟ ಮುಗಿಸಿದಾಗ ನಾವು ಮುಂದಿದ್ದೆವು, ಅಂದರೆ ಎಲ್ಲರಿಗಿಂತ ಮುಂದೆ. ಹನ್ನೆರಡನೆಯ ಬಾವುಟದಿಂದ ಇಳಿಯುವಾಗ ಕಾಕಾನ ಕಾಲು ಜಲ್ಲಿಯ ಮೇಲೆ ಜಾರಿ ಹೊರಳಿತು. ಹಿಮ್ಮಡಿಯ ಮೇಲಿನ ಹರಡು ನೋಡನೋಡುತ್ತ ಬದನೆಕಾಯಿಯ ಹಾಗೆ ಬಾತಿತು. ಹದಿಮೂರನೆಯ ಬಾವುಟ ಒರತೆಯ ಆಚೆಯ ದಿಣ್ಣೆಯ ಮೇಲಿತ್ತು. ನಕಾಶೆ ಹೇಳಿದ ದಾರಿ ಗುಡ್ಡದ ಸೊಂಟ ಸುತ್ತಿ ಹೋಗುತ್ತಿತ್ತು, ಒಂದು ಗಂಟೆ. ಹೆಬ್ಬಂಡೆಗಳ ನಡುವೆ ನುಸುಳಿದರೆ ಇಪ್ಪತ್ತು ನಿಮಿಷ. ಹಿಂದಿರುಗಿ ನೋಡಿದೆ. ಸರ್ ಅಳಿಯ ಮತ್ತು ಅವನ ಜೋಡಿ ಹನ್ನೊಂದನೆಯ ಬಾವುಟ ಬಿಟ್ಟು ಏರುತ್ತಿದ್ದರು.

"ಕೈ ಹಿಡಿ. ಕುಂಟಿಕೋತ ಬರ್ತೀನಿ" ಎಂದ ಕಾಕಾ.

"ನಿನ್ನ ಕುಂಟಗಾಲಿಗಿ ಕಾಯಾಕ ಕುಂತ್ರ ಮತ್ತ ನಾಲ್ಕನೇ ನಂಬರ" ಎಂದೆ. "ದಾರಿ ಹೇಳು."

ಅವನು ನನ್ನ ಮುಖ ನೋಡಿದ. "ಏನಂದಿ?"

"ಹೇಳು ಅಂದೆ! ಮುದುಕನ ಜೋಡಿ ಕಟ್ಟಿದ್ದ ನನ್ನ ತಪ್ಪು. ಐದು ವರ್ಷ ನಿನ್ನ ಹಿಂದ ತಿರುಗಿದೆ, ಒಂದು ಪದಕ ಇಲ್ಲ. ಒಂದು ದಾರಿನರ ಕೊಡು."

ಆ ದಾರಿ ಅವನ ಅನ್ನದ ದಾರಿ ಎಂಬುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿದೆ, ಅಷ್ಟೇ. ಅವನು ಇಲ್ಲ ಅಂದಿದ್ದರೆ ನಾನು ಇನ್ನೊಂದಿಷ್ಟು ಒದರಿ, ಗುಡ್ಡ ಸುತ್ತಿ ಓಡುತ್ತಿದ್ದೆ. ಅವನು ಇಲ್ಲ ಅನ್ನಲಿಲ್ಲ. ಪಾದ ಹಿಡಿದುಕೊಂಡು ಬಂಡೆಗೆ ಒರಗಿ, ಕೂಸಿಗೆ ಉಣಿಸುವವರ ಹಾಗೆ ತುತ್ತು ತುತ್ತಾಗಿ ಹೇಳಿದ. ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದು ನಿಮಗೆ ತಿಳಿಯುತ್ತದೆ. ಪ್ರತಿ ತಿರುವೂ ನನ್ನ ಕಾಲಿನೊಳಗೆ ಬಂದು ಕೂರುವುದು ನನಗೆ ಗೊತ್ತಾಗುತ್ತಿತ್ತು. ಕೊನೆಯ ತಿರುವು ಹೇಳಿ ಮುಗಿಸಿದ ಕಾಕಾ ನನ್ನ ಹಿಂದಿದ್ದ ಬಂಡೆಗಳನ್ನು ನೋಡಿ, "ಎಲ್ಲಿಂದ ಶುರು ಮಾಡಿದ್ನೋ ಯಮನೂರಾ?" ಎಂದು ನನ್ನನ್ನೇ ಕೇಳಿದ. ನಾನು ಅವನ ಕೊರಳಿನಿಂದ ಚೀಟಿ ಕಿತ್ತುಕೊಂಡು ಓಡಿದೆ.

ಮೊದಲನೆಯವನಾಗಿ ಇಳಿದೆ. ಪಾವಟೆ ಸರ್ ಮೈಕು ಹಿಡಿದು ಒಂದು ನಿಮಿಷ ಏನೂ ಅನ್ನಲಾರದೆ ನಿಂತಿದ್ದರು. ಆ ಒಂದು ನಿಮಿಷಕ್ಕಾಗಿ ನಾನು ಏನೆಲ್ಲ ಕೊಟ್ಟಿದ್ದೆ, ಅದೂ ನನ್ನದಲ್ಲದ್ದನ್ನು. ಕಾಕಾನನ್ನು ಬೇರೆ ಜೋಡಿಯವರು ಹೊತ್ತು ಇಳಿಸಿದರು. ಅವನು ಯಾರಿಗೂ ಏನೂ ಹೇಳಲಿಲ್ಲ. ವರ್ಷಗಟ್ಟಲೆ ಕಾಕಾನ ಹಿಂದೆ ತಾಲೀಮಿಗೆ ತಿರುಗಿ ಯಮನೂರ ಆ ದಾರಿಯನ್ನು ಕಾಲಿನಿಂದಲೇ ಕಲಿತಿದ್ದಾನೆ ಎಂದು ಊರು ತಿಳಿದುಕೊಂಡಿತು. ಗಾಯವಾದ ಜೊತೆಗಾರನನ್ನು ಬಿಸಿಲಲ್ಲಿ ಬಿಟ್ಟು ಓಡಿದ ಎಂದು ಬೈಯಿತು. ಅದು ನಿಜವೇ.

ಮರುದಿನ ನಲ್ಲಿಗಳಲ್ಲಿ ನೀರಿಲ್ಲ. ಹೆಂಗಸರು ಕೊಡಗಳನ್ನು ಸಾಲಾಗಿಟ್ಟು, "ಹೊನ್ನಪ್ಪಗ ಕಾಲು ನೋವು ಅಂತ. ಇವತ್ತೊಂದಿನ ತಾಳ್ರಿ" ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳುತ್ತಿದ್ದರು. ಪದಕ ಇನ್ನೂ ನನ್ನ ಕೊರಳಲ್ಲೇ ಇತ್ತು, ಅದನ್ನು ಹಾಕಿಕೊಂಡೇ ಮಲಗಿದ್ದೆ. ಅದನ್ನು ಅಂಗಿಯೊಳಗೆ ತಳ್ಳಿ ಗುಡ್ಡದ ಕಡೆ ಓಡಿದೆ. ಕಾಕಾ ಬುಡದಲ್ಲೇ ಇದ್ದ. ಹರಡಿಗೆ ಅರಿಸಿನದ ಪಟ್ಟಿ, ಕೈಯಲ್ಲಿ ತೂಬಿನ ಉದ್ದನೆಯ ಚಾವಿ. ಒಂದು ಬಂಡೆಯ ಹತ್ತಿರ ಹೋಗಿ ಕೈಯಿಟ್ಟು ನೋಡುತ್ತಿದ್ದ, ಅಲ್ಲ ಎಂದು ತಲೆಯಾಡಿಸಿ ಇನ್ನೊಂದರ ಹತ್ತಿರ ಹೋಗುತ್ತಿದ್ದ. ಇಪ್ಪತ್ತಾರು ವರ್ಷ ದಿನಾ ನಡೆದವನು. ನನ್ನನ್ನು ಕಂಡು ನಾಚಿಕೊಂಡ. ತಪ್ಪು ಮಾಡಿದವನು ತಾನೇ ಎಂಬ ಹಾಗೆ.

ನಾನು ಅವನ ಕಾಲ ಬಳಿ ಕುಕ್ಕರಿಸಿ, "ಕಾಕಾ, ತಿರುಗಿ ಹೇಳ್ತೀನಿ, ತಗೋ. ಮೊದಲನೇ ಬಂಡೆ..." ಎಂದು ಶುರು ಮಾಡಿದೆ. ಅವನು ಚಾವಿ ಬಿಸಾಕಿ ನನ್ನ ಬಾಯಿ ಮುಚ್ಚಿದ. ಕಬ್ಬಿಣದ ವಾಸನೆಯ ಕೈ. "ಹುಚ್ಚ ಏನಲೇ? ಬಿಟ್ಟ ದಾರಿ ಬಿಟ್ಟವನ ಕಿವ್ಯಾಗ ಮತ್ತ ನಿಲ್ಲಂಗಿಲ್ಲ. ನಂಗ ಬರಂಗಿಲ್ಲ, ನಿಂದೂ ಹೋಗತೈತಿ. ಆಮ್ಯಾಲ ಊರಿಗಿ ನೀರು ಯಾರಪ್ಪ ಬಿಡ್ತಾನ?" ಬಗ್ಗಿ ಚಾವಿ ಎತ್ತಿಕೊಂಡ. ಆಮೇಲೆ ಮೆಲ್ಲಗೆ, "ಜೊತೆ ಕೊಡ್ತಿ ಏನೋ?" ಎಂದ.

ನಮ್ಮೂರಲ್ಲಿ ಜೊತೆ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ನಾನು ಅವನ ಕೈ ಹಿಡಿದು ನಡೆಸಿದೆ. ಒರತೆಯ ಹತ್ತಿರ ಹೋಗಿ ನಿಂತ ಮೇಲೆ ಅವನ ಕೈಗಳು ತಪ್ಪಲಿಲ್ಲ. ಚಾವಿ ಕೂರಿಸಿ ಎರಡು ಸುತ್ತು ಎಡಕ್ಕೆ, ಅರ್ಧ ಬಲಕ್ಕೆ. ನೀರು ಕೊಳವೆಯೊಳಗೆ ಕೆಮ್ಮುತ್ತ ಹೊರಟಿತು. ದಾರಿ ಮಾತ್ರ ಹೋಗಿತ್ತು, ಕೆಲಸ ಹೋಗಿರಲಿಲ್ಲ.

ಅವತ್ತಿನಿಂದ ಇವತ್ತಿನವರೆಗೆ ಒಂದು ದಿನ ತಪ್ಪಿಸಿಲ್ಲ. ಜ್ವರ ಬಂದಾಗ ಹೋಗಿದ್ದೇನೆ, ನನ್ನ ಅಕ್ಕನ ಮದುವೆಯ ದಿನ ಹೋಗಿದ್ದೇನೆ. ಊರು ನಮ್ಮಿಬ್ಬರನ್ನು ನೋಡಿ, "ಹೊನ್ನಪ್ಪನ ಮನಸು ದೊಡ್ಡದು. ಬಿಟ್ಟೋಡಿದವಗ ಇನ್ನೂ ತಾಲೀಮು ಕೊಡಾಕತ್ತಾನ" ಎನ್ನುತ್ತದೆ. ಅನ್ನಲಿ. ಬೈಗಳಲ್ಲ ನನ್ನನ್ನು ತಿನ್ನುವುದು. ಅರ್ಧ ದಾರಿಯಲ್ಲಿ, ಎರಡು ಬಂಡೆಗಳು ತಲೆ ತಾಗಿಸಿಕೊಂಡು ನಿಂತ ಕಡೆ ತಣ್ಣನೆಯ ಗಾಳಿ ಬೀಸುತ್ತದೆ. ಅಲ್ಲಿ ಕಾಕಾ ದಿನಾ ನಿಲ್ಲುತ್ತಾನೆ. ದಿನಾ ಸುತ್ತ ನೋಡಿ, "ಭಾಳ ಛಲೋ ಜಾಗ ಐತಲ್ಲೋ. ಇಲ್ಲಿ ನಾವು ಮೊದಲ ಯಾವಾಗರ ಬಂದಿದ್ವೇನು?" ಎಂದು ಕೇಳುತ್ತಾನೆ. ಮೊದಮೊದಲು ಹೌದು ಎನ್ನುತ್ತಿದ್ದೆ. ಆಮೇಲೆ ಅವನ ಮುಖ ಸಪ್ಪಗಾಗುವುದನ್ನು ನೋಡಲಾರದೆ, "ಇಲ್ಲ ಕಾಕಾ, ಇವತ್ತ ಮೊದಲನೇ ಸಲ" ಎನ್ನಲು ಕಲಿತೆ. ಆಗ ಅವನಿಗೆ ಖುಷಿಯಾಗುತ್ತದೆ. ಪದಕ ನನ್ನ ಅಂಗಡಿಯಲ್ಲಿ, ಟ್ಯೂಬಿನ ತೇಪೆಗಳ ಡಬ್ಬಿಯ ತಳದಲ್ಲಿದೆ.

ಇವತ್ತು ಹೆಸರು ಬರೆಸಲು ಅವನೇ ಎಳೆದುಕೊಂಡು ಬಂದ. "ಉಳಿದ ಗುಡ್ಡ ನಂಗ ಗೊತ್ತೈತಲ್ಲೋ. ಓಡೋಣು, ನಾಲ್ಕನೇ ನಂಬರ ಬಂದ್ರ ಬರಲಿ" ಎಂದು ನಕ್ಕ. ಪಾವಟೆ ಸರ್ ಮೇಜಿನ ಹಿಂದೆ ಕೂತಿದ್ದರು. ಹುಬ್ಬಿನ ಮೇಲೆ ನಾನು ಹಾಕಿದ ಗುರುತು ಇನ್ನೂ ಇದೆ. ನನ್ನ ಹೆಸರು ಬರೆಯುವ ಬದಲು ಪೆನ್ನು ಕೆಳಗಿಟ್ಟು, ನಿಜ ಹೇಳಬೇಕೆಂದರೆ ಮರ್ಯಾದೆಯಿಂದಲೇ ಶುರು ಮಾಡಿದರು.

"ಯಮನೂರಪ್ಪ, ಈ ವರ್ಷ ಹೊರಗಿಂದ ಮೂವತ್ತು ಜೋಡಿ ಬರಾಕತ್ತಾವ. ಒರತಿ ಮಗ್ಗಲ ನಕಾಶಿಗೆ ಬೇಕು. ಹೊನ್ನಪ್ಪನ್ನ ಕೇಳಂಗಿಲ್ಲ, ಅಂವ ನೀರಗಂಟಿ. ನೀ ಕೊಡು. ಶಾಲು ಹೊದಿಸ್ತೀವಿ. ನಿನ್ನ ಹೆಸರು ನಕಾಶಿ ಮ್ಯಾಲ ಅಚ್ಚು ಹಾಕಸ್ತೀವಿ."

ಏಳನೇ ಇಯತ್ತೆ ಬಿಟ್ಟವನ ಹೆಸರು ನಕಾಶೆಯ ಮೇಲೆ. ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ.

"ಆಗೂದಿಲ್ರಿ ಸರ್" ಎಂದೆ.

"ಯಾಕ ಆಗೂದಿಲ್ಲ? ಹೊನ್ನಪ್ಪನ ದಾರಿ ಹೊನ್ನಪ್ಪನ ಹತ್ತರ ಇರತೈತಿ, ಊರಿಗಿ ನೀರು ಬರತೈತಿ. ನಿಂಗೇನು ಅಲ್ಲಿ ಕೆಲಸ?"

ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಆ ಉತ್ತರ ಹೊರಬಿದ್ದ ದಿನ ಪುರಸಭೆಯವರು ಕಾಕಾನ ಕೈಯಿಂದ ಚಾವಿ ಇಸಿದುಕೊಳ್ಳುತ್ತಾರೆ. ದಾರಿ ಹೇಳಿ ಕೆಲಸ ಕಳೆದುಕೊಂಡ ಅಂಚೆಯ ಮಲ್ಲೇಶಿಯನ್ನು ನಾನು ನೋಡಿದ್ದೇನೆ, ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರು ಹಂಚುವ ಕಾಗದಗಳಿಗೆ ಮುದ್ರೆ ಒತ್ತುತ್ತಾನೆ. ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕಾಕಾನನ್ನು ಊರಿನ ಪ್ರತಿ ಹೆಂಗಸೂ, "ನೀರಗಂಟಿ ಅಣ್ಣಾ, ನಮ್ಮ ಓಣಿಗಿ ಒಂದೀಟು ಹೆಚ್ಚು ಬಿಡೋ" ಎಂದು ಕರೆಯುತ್ತಾಳೆ. ಆ ಕರೆ ಕೇಳಿದಾಗ ಅವನ ಕತ್ತು ನೆಟ್ಟಗಾಗುತ್ತದೆ.

ಆಗುವುದಿಲ್ಲ ಎಂದು ಮತ್ತೆ ತಲೆಯಾಡಿಸಿದೆ. ಸರ್ ಮುಖ ಕೆಂಪಾಯಿತು. ಎದ್ದರು. "ಗುಡ್ಡ ಎಲ್ಲಾರದು. ಈ ಮಗ ಒಬ್ಬಾವ ನುಂಗಿ ಕುಂತಾನ. ಜೋಡೀನ ಬಿಸಲಾಗ ಕೆಡವಿ ಪದಕ ತಂದಂವ, ಒಂದು ದಾರಿ ಬಿಡಾಕ ಆಗವಲ್ದು!" ಎಂದರು. ಆಮೇಲೆ ಜನರ ಕಡೆ ತಿರುಗಿ ಆ ಮಾತು ಹೇಳಿದರು, ದಾರಿ ನುಂಗಿದ ನಾಯಿ ಎಂದು. ಫಾತಿಮಾಬಿ ಕೆಟಲಿ ಕೆಳಗಿಟ್ಟು, "ಅಯ್ಯೋ ಸರ್, ಹಂಗ್ಯಾಕ ಅಂತೀರಿ" ಎಂದಳು. ಸರ್ ಅಳಿಯ ನೆಲ ನೋಡಿದ.

ನನ್ನ ಮುಷ್ಟಿ ಬಿಗಿದಿತ್ತು. ಆಗ ಹಿಂದಿನ ಬೆಂಚಿನಿಂದ ಯಾರೋ ಏಳುವ ಸದ್ದಾಯಿತು. ನೋಡದೆಯೇ ಗೊತ್ತಾಯಿತು, ಅದು ವಾಸಿಯಾದ ಮೇಲೂ ಸ್ವಲ್ಪ ಎಳೆದು ಇಡುವ ಹೆಜ್ಜೆ. ಕಾಕಾ ಗಂಟಲು ಸರಿಮಾಡಿಕೊಂಡ.

"ಸರ್ರ, ಆ ಹುಡುಗಗ ಏನೂ ಅನಬ್ಯಾಡ್ರಿ. ನಾನು ಒಂದ ಮಾತು ಹೇಳ್ತೀನಿ..."

ನಾನು ಒಂದು ಗಳಿಗೆ ನಿಂತಿದ್ದರೂ ಅವನು ಹೇಳಿಬಿಡುತ್ತಿದ್ದ. ಹೋದ ವರ್ಷ ಬಂಡೆಗೆ ಒರಗಿ ದಾರಿ ಕೊಟ್ಟವನು, ಇವತ್ತು ಉಳಿದದ್ದನ್ನೂ ನನಗಾಗಿ ಕೊಟ್ಟುಬಿಡುತ್ತಿದ್ದ. ನಾನು ಸರ್ ಮುಖಕ್ಕೆ ಬೆನ್ನು ಮಾಡಿ ತಿರುಗಿದೆ. ಬೆಂಚಿನ ಪಕ್ಕ ಹಾದುಹೋಗುವಾಗ ಮುಷ್ಟಿ ಬಿಚ್ಚಿ ಅವನ ಭುಜ ಒತ್ತಿದೆ, ಜೋರಾಗಿಯೇ ಒತ್ತಿದೆ, ಅವನು ಕೂತುಬಿಟ್ಟ. ಬಾಯಿ ಅರ್ಧ ತೆರೆದೇ ಇತ್ತು. ಜನ ದಾರಿ ಬಿಟ್ಟರು. ಅಂಗಳ ದಾಟಿದೆ. ಬಲಗಾಲು ಎಣಿಸತೊಡಗಿದೆ. ಹನ್ನೊಂದು, ಹನ್ನೆರಡು.

"ನೋಡ್ರಿ, ಓಡಿ ಹೊಂಟ. ಅವತ್ತೂ ಹಿಂಗ ಓಡಿದಂವ" ಎಂದು ಸರ್ ಹಿಂದಿನಿಂದ ಕೂಗಿದರು. "ಏ ಯಮನೂರ್ಯಾ! ಎಲ್ಲಿಗಿ ಹೊಂಟೀಯಲೇ? ಹೇಳಿ ಹೋಗು!"

ಹತ್ತೊಂಬತ್ತು, ಇಪ್ಪತ್ತು. ನಾನು ಹೇಳಲಿಲ್ಲ.